ಒಂದು ಪಾಯಿಂಟಿನ ಸೋಲು: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನ ತಂಡ ಬಾಸ್ಕೆಟ್‌ಬಾಲ್ ಪಂದ್ಯ ಸೋತ ಮೇಲೆ ಭಾನುವಾರ ರಾತ್ರಿ ಫೋನಿನಲ್ಲಿ ಕೇಳಿದೆಯಲ್ಲ, "ಕೊನೇ ಎರಡು ನಿಮಿಷ ಆ ಚಿಕ್ಕವಳನ್ನ ಆಟಕ್ಕೆ ಇಳಿಸಿದ್ದು ತಪ್ಪಾ ಅಪ್ಪಾ" ಅಂತ. ಆಗ ನನಗೆ ಏನೂ ತೋಚಲಿಲ್ಲ, ಊಟ ಮಾಡಿ ಮಲಗು ಅಂದುಬಿಟ್ಟೆ. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಹಾಕಿ ಆಚೆ ಬಿದ್ದಿದ್ದು, ನನ್ನ ಪಕ್ಕ ಕೂತಿದ್ದ ಯಾರೋ ಒಬ್ಬರು "ಯಾರ್ರೀ ಈ ಮಗೂನ ಇಳಿಸಿದ್ದು" ಅಂತ ಕೂಗಿದ್ದು, ಎರಡನ್ನೂ ಕಂಡೆ. ಕೋಚ್ ನನ್ನ ಮಗಳೇ ಅಂತ ಹೇಳಲಿಲ್ಲ. ಸುಮ್ನೆ ಕಡಲೆಕಾಯಿ ಬಿಡಿಸುತ್ತಾ ಕೂತೆ. ಅದಕ್ಕೇ ಈ ಕಾಗದ.

ಸ್ಪೇನಿನಲ್ಲಿ ಒಬ್ಬ ಹಳೇ ಬಾಸ್ಕೆಟ್‌ಬಾಲ್ ಕೋಚ್ ಇದ್ದಾರೆ, ಅಲೆಹಾಂದ್ರೊ ಗಾರ್ಸಿಯಾ ರೆನೆಸೆಸ್. 1946ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದವರು. ಎಲ್ಲರೂ ಕರೆಯೋದು ಆಯೀತೊ ಅಂತ, ಹೆಚ್ಚುಕಮ್ಮಿ ನಮ್ಮ 'ಆಯ್ತೋ' ಥರಾನೇ. ಬಾರ್ಸಿಲೋನಾ ತಂಡಕ್ಕೆ ಒಂಬತ್ತು ಸಲ ಸ್ಪೇನಿನ ಲೀಗ್ ಗೆಲ್ಲಿಸಿದವರು. ಆದರೆ ಯುರೋಪಿನ ದೊಡ್ಡ ಕಪ್ ಮಾತ್ರ ಕೈಗೆ ಹತ್ತಲೇ ಇಲ್ಲ. 1990, 1996, 1997, ಮೂರು ಫೈನಲ್, ಮೂರೂ ಸೋಲು.

1996ರದ್ದನ್ನು ನಾನು ಮೊನ್ನೆ ರಾತ್ರಿ ಯೂಟ್ಯೂಬ್‌ನಲ್ಲಿ ನಾಲ್ಕು ಸಲ ನೋಡಿದೆ. ನಿಮ್ಮಮ್ಮ ಎದ್ದು ಬಂದು ಬೈದಳು. ಪ್ಯಾರಿಸ್‌ನಲ್ಲಿ ನಡೆದ ಪಂದ್ಯ, ಎದುರಾಳಿ ಗ್ರೀಸಿನ ಪಾನಾಥಿನೈಕೋಸ್, ಸ್ಕೋರು 67-66. ಕೊನೇ ಸೆಕೆಂಡುಗಳಲ್ಲಿ ಬಾರ್ಸಿಲೋನಾದ ಮೊಂತೆರೊ ಚೆಂಡು ಕಸಿದುಕೊಂಡು ಒಬ್ಬನೇ ಓಡಿ ರಿಂಗಿನ ಹತ್ತಿರಕ್ಕೇ ಹೋಗಿ ಚೆಂಡು ಹಾಕುತ್ತಾನೆ, ಹಿಂದಿನಿಂದ ಏಳಡಿ ಎತ್ತರದ ವ್ರಾಂಕೊವಿಚ್ ಬಂದು ಅದನ್ನು ಬಡಿದು ಹಾಕುತ್ತಾನೆ. ಚೆಂಡು ಆಗಲೇ ರಿಂಗಿನ ಹಿಂದಿನ ಬೋರ್ಡಿಗೆ ತಾಗಿತ್ತು. ಆಮೇಲೆ ಮುಟ್ಟೋ ಹಾಗಿಲ್ಲ, ಇದು ನಿನ್ನ ತಂಡದ ಮಕ್ಕಳಿಗೂ ಗೊತ್ತು. ರೆಫರಿ ಸೀಟಿ ಊದಲೇ ಇಲ್ಲ. ಫಲಿತಾಂಶ ಬದಲಾಗಲೂ ಇಲ್ಲ. ನಾನಾಗಿದ್ದರೆ ಬಾಸ್ಕೆಟ್‌ಬಾಲ್ ಬಿಟ್ಟು ಊರಲ್ಲಿ ಅಡಿಕೆ ಸುಲಿಯುತ್ತಾ ಕೂತಿರುತ್ತಿದ್ದೆ.

ಆಯೀತೊ ಏನು ಮಾಡಿದರು ಗೊತ್ತಾ? ಅದೇ ಬಾರ್ಸಿಲೋನಾದಲ್ಲಿ ಪೌ ಗಸೋಲ್ ಅನ್ನೋ ಉದ್ದನೆಯ, ಕಡ್ಡಿಯಂಥ ಹುಡುಗನನ್ನು ಬೆಳೆಸಿದರು. ಅವನು 2001ರಲ್ಲಿ ಅಮೆರಿಕಾದ ದೊಡ್ಡ ಲೀಗ್ ಎನ್‌ಬಿಎಗೆ ಹೋದ, ಮುಂದಿನದು ನಿನಗೇ ಗೊತ್ತು. ಆಮೇಲೆ ಬಡಲೋನಾದ ಹೂವೆಂತುತ್ ತಂಡಕ್ಕೆ ಬಂದರು. ಬಾರ್ಸಿಲೋನಾದ ಪಕ್ಕದಲ್ಲೇ ಇರುವ ಊರು, ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ ಬಿಡುವ ಜನ. ಅಲ್ಲಿ 2005ರ ಅಕ್ಟೋಬರ್‌ನಲ್ಲಿ ರಿಕಿ ರೂಬಿಯೊ ಅನ್ನೋ ಹುಡುಗನನ್ನು ಮೊದಲ ದರ್ಜೆ ಲೀಗಿನಲ್ಲಿ ಇಳಿಸಿದರು. ಅವನಿಗೆ ಇನ್ನೂ ಹದಿನೈದು ತುಂಬಿರಲಿಲ್ಲ! ಎದುರಿಗೆ ಗಡ್ಡ ಬಂದ ಗಂಡಸರು. ಮೂರು ವರ್ಷದೊಳಗೆ, 2008ರಲ್ಲಿ, ಆಯೀತೊ ಸ್ಪೇನಿನ ಕೋಚ್ ಆಗಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಮೊದಲು ಅಮೆರಿಕಾದ ಕೈಲಿ 37 ಪಾಯಿಂಟಿನಿಂದ ಹೊಡೆಸಿಕೊಂಡರು, 119-82. ಫೈನಲ್‌ನಲ್ಲಿ ಮತ್ತೆ ಅದೇ ಅಮೆರಿಕಾ. ಸ್ಪೇನಿನ ಆಟಗಾರ ಕಾಲ್ದೆರೋನ್‌ಗೆ ಗಾಯ, ಹಾಗಾಗಿ ಹದಿನೇಳು ವರ್ಷದ ರಿಕಿ ಆಡಿದ. ಕೊನೇ ಕ್ವಾರ್ಟರ್‌ನಲ್ಲಿ ಅಂತರ ಎರಡೇ ಪಾಯಿಂಟಿಗೆ ಇಳಿದಿತ್ತು. ಕಡೆಗೆ 118-107, ಬೆಳ್ಳಿ.

ಒಂದು ಮಾತು ನಿಷ್ಠುರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಅವರು ಪಾಪ ಅಂತ ರಿಕಿಯನ್ನು ಇಳಿಸಿದ್ದಲ್ಲ. ಆ ವಯಸ್ಸಿಗೇ ಅವನು ದೊಡ್ಡವರ ಕೈಯಿಂದ ಚೆಂಡು ಎಗರಿಸುತ್ತಿದ್ದ, ಅದಕ್ಕೆ ಇಳಿಸಿದರು. ನೀನು ಆ ಹುಡುಗಿಯನ್ನು ಯಾಕೆ ಇಳಿಸಿದೆ? ಅವಳು ಆಡಬಲ್ಲಳು ಅಂತಲೋ, ವರ್ಷವೆಲ್ಲ ಬೆಂಚಲ್ಲಿ ಕೂತಿದ್ದಾಳೆ ಪಾಪ ಅಂತಲೋ? ಮೊದಲನೆಯದಾದರೆ ನೀನು ಮಾಡಿದ್ದು ಸರಿ, ಚೆಂಡು ಒಳಗೆ ಬಿದ್ದರೂ ಸರಿ, ಆಚೆ ಬಿದ್ದರೂ ಸರಿ. ಎರಡನೆಯದಾದರೆ ನಿನಗಿಂತ ಜಾಸ್ತಿ ನೋವು ಅವಳಿಗೇ ಆಗಿರುತ್ತದೆ. ಇನ್ನೊಂದು, ಒಂಬತ್ತು ಲೀಗ್ ಗೆದ್ದವರನ್ನು ಕೇಳೋರಿಲ್ಲ, ನಿನ್ನನ್ನು ಎಲ್ಲರೂ ಕೇಳುತ್ತಾರೆ. ಅದು ಅನ್ಯಾಯವೇ, ಆದರೆ ಹಾಗೇ ಇದೆ.

ಈ ಮನುಷ್ಯ 2017ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ, ಬರ್ಲಿನ್‌ಗೆ ಹೋಗಿ ಆಲ್ಬಾ ತಂಡ ಸೇರಿದರು. ನನ್ನ ಓರಗೆಯವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಧಾರಾವಾಹಿ ನೋಡುತ್ತಾರೆ! ಅಲ್ಲೂ ಮೊದಲ ಎರಡು ವರ್ಷ ಫೈನಲ್‌ಗೆ ಬರೋದು, ಸೋಲೋದು. ಅಲ್ಲೂ ಹುಡುಗರನ್ನೇ ಇಳಿಸಿದರು, ಹದಿನೇಳರ ಫ್ರಾನ್ಸ್ ವಾಗ್ನರ್ ಅವರಲ್ಲೊಬ್ಬ. 2020ರಲ್ಲಿ ಜರ್ಮನಿಯ ಲೀಗೂ ಕಪ್ಪೂ ಎರಡೂ ಬಂತು, 2021ರಲ್ಲಿ ಮತ್ತೆ ಲೀಗ್.

ಶನಿವಾರ ಪ್ರಾಕ್ಟೀಸ್‌ಗೆ ಆ ಹುಡುಗಿ ಬಂದಳಾ ಅಂತ ಫೋನ್ ಮಾಡಿ ಹೇಳು. ಅವಳು ಲೇಸನ್ನು ಎರಡು ಸುತ್ತು ಕಾಲಿಗೇ ಸುತ್ತಿ ಕಟ್ಟಿಕೊಂಡಿದ್ದಳು, ಅಕ್ಕನ ಶೂ ಇರಬೇಕು. ಸೈಜ್ ಎಷ್ಟು ಅಂತ ಕೇಳಿಕೋ. ನಾನು ಹೇಳಿದೆ ಅಂತ ಹೇಳಬೇಡ.

ಅಪ್ಪ