ಮಗಳೇ, ಇಬ್ಬರೂ ಕರೆಯುತ್ತಾರೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. "ಎಷ್ಟು ಪ್ರಾರ್ಥನೆ ಮಾಡಿದರೂ ದೇವರು ಏನೂ ಹೇಳ್ತಿಲ್ಲ ಅಮ್ಮಾ" ಅಂದೆ. ನಾನು ಆಗ ಸುಮ್ಮನಾಗಿಬಿಟ್ಟೆ. ಅವಸರದಲ್ಲಿ ಬಾಯಿಗೆ ಬಂದದ್ದು ಹೇಳಬಾರದು ಅನ್ನಿಸಿತು.

ಆಮೇಲೆ ಬೈಬಲಿನ ಜ್ಞಾನೋಕ್ತಿಗಳ ಪುಸ್ತಕ ತೆಗೆದು ಕೂತೆ. ಮೊದಲ ಅಧ್ಯಾಯದಲ್ಲೇ ಜ್ಞಾನ ಒಬ್ಬ ಹೆಂಗಸಾಗಿ ಬರುತ್ತಾಳೆ, ನೆನಪಿದೆಯಾ? ಎಲ್ಲೋ ಮೂಲೆಯಲ್ಲಿ ಕೂತು ಪಿಸುಗುಡುವವಳಲ್ಲ ಅವಳು. ಬೀದಿಯಲ್ಲಿ, ಚೌಕದಲ್ಲಿ, ಊರ ಬಾಗಿಲಲ್ಲಿ ನಿಂತು ಕೂಗುತ್ತಾಳೆ. ಆ ಕಾಲದಲ್ಲಿ ಊರ ಬಾಗಿಲು ಅಂದರೆ ಹಿರಿಯರು ಕೂತು ನ್ಯಾಯ ಹೇಳುವ, ಜನ ವ್ಯವಹಾರ ಮಾಡುವ ಜಾಗ. ಲೆಕ್ಕ, ಸಾಕ್ಷಿ, ಕೊಟ್ಟ ಮಾತು, ಇವೆಲ್ಲ ನಡೆಯುವ ಗದ್ದಲದ ನಡುವೆಯೇ ಅವಳು ನಿಂತಿದ್ದಾಳೆ.

ಒಂಬತ್ತನೇ ಅಧ್ಯಾಯ ಓದುವಾಗ ನಿನ್ನದೇ ನೆನಪು. ಅಲ್ಲಿ ಇಬ್ಬರು ಹೆಂಗಸರಿದ್ದಾರೆ. ಒಬ್ಬಳು ಜ್ಞಾನ, ಇನ್ನೊಬ್ಬಳು ಮೂಢತನ. ಇಬ್ಬರೂ ಊರಿನ ಎತ್ತರದ ಜಾಗದಿಂದಲೇ ಕರೆಯುತ್ತಾರೆ. ಕರೆಯುವ ಮಾತೂ ಒಂದೇ: ತಿಳಿವಳಿಕೆ ಇಲ್ಲದವರು ಇತ್ತ ಬನ್ನಿ. ಹಾಗಾದರೆ ಯಾರು ಯಾರು ಅಂತ ಗುರುತಿಸುವುದು ಹೇಗೆ? ನಾನು ಅವರ ಮನೆ ಬಾಗಿಲಲ್ಲಿ ನಿಂತು ನೋಡಿದೆ ಅನ್ನು. ಜ್ಞಾನ ಏಳು ಕಂಬ ಕೆತ್ತಿ ಮನೆ ಕಟ್ಟಿದ್ದಾಳೆ, ಅಡಿಗೆ ಮಾಡಿದ್ದಾಳೆ, ಊಟಕ್ಕೆ ಅಣಿ ಮಾಡಿ ದಾಸಿಯರನ್ನು ಕಳಿಸಿದ್ದಾಳೆ. ಮೂಢತನ ಸುಮ್ನೆ ಬಾಗಿಲಲ್ಲಿ ಕೂತಿದ್ದಾಳೆ. ಅವಳ ಹತ್ತಿರ ಬಡಿಸಲಿಕ್ಕೆ ತನ್ನದು ಅಂತ ಏನೂ ಇಲ್ಲ. ಕದ್ದ ನೀರು ಸಿಹಿ, ಗುಟ್ಟಾಗಿ ತಿನ್ನುವ ರೊಟ್ಟಿ ರುಚಿ, ಅಷ್ಟೇ ಅವಳ ಮಾತು.

ಕೆಲಸದಲ್ಲಿ ನಿನಗೆ ಏನು ಹೇಳಿದ್ದಾರೆ ಅಂದೆ? ವರದಿಯಲ್ಲಿ ಎರಡು ಅಂಕಿ ತಿದ್ದು, ಯಾರಿಗೂ ಗೊತ್ತಾಗಲ್ಲ ಅಂತ. ಆ "ಯಾರಿಗೂ ಗೊತ್ತಾಗಲ್ಲ" ಅನ್ನುವುದನ್ನು ಇನ್ನೊಂದು ಸಲ ಓದು ಮಗಳೇ. ಗುಟ್ಟಾಗಿ ತಿನ್ನುವ ರೊಟ್ಟಿ ಅದೇ ಅಲ್ವಾ? ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಅಂತ ಹನ್ನೊಂದನೇ ಅಧ್ಯಾಯ ಶುರುವಾಗುತ್ತದೆ. ಇದಕ್ಕಿಂತ ಜಾಸ್ತಿ ದೇವರು ಇನ್ನೇನು ಹೇಳಬೇಕು?

ನಿನ್ನನ್ನು ಗದರಿಸುತ್ತಿಲ್ಲ. ಕರೆ ಕೇಳಿಸುವುದು ಬೇರೆ, ಕೇಳಿಸಿದ್ದಕ್ಕೆ ತಲೆಬಾಗುವುದು ಬೇರೆ. ಇದನ್ನು ಪೆಟ್ಟು ತಿಂದು ಕಲಿತವಳು ನಾನು. ಅಜ್ಜಿಗೆ ಹುಷಾರಿಲ್ಲದ ವಾರ ನಿನ್ನ ಚಿಕ್ಕಮ್ಮ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಮಂಚದ ಅಂಚಲ್ಲಿ ಕೂತು ಅವಳಿಗೆ ಉದ್ದನೆಯ ಮೆಸೇಜ್ ಬರೆದೆ. ಕಳಿಸುವ ಮೊದಲು ಹೆಬ್ಬೆರಳು ನಿಂತಿತು. ಕೇಳಿಸಿಕೊಳ್ಳದೆ ಉತ್ತರ ಕೊಡುವವನು ಮೂರ್ಖ ಅನ್ನುವ ವಚನ ತಾನಾಗಿ ಮನಸ್ಸಿಗೆ ಬಂತು. ಆದರೂ ಒತ್ತಿದೆ. ಬೆಳಿಗ್ಗೆ ತಿಳಿಯಿತು, ಅವಳೇ ಜ್ವರದಿಂದ ಹಾಸಿಗೆ ಹಿಡಿದಿದ್ದಳು. ನಾವು ಹೆದರುತ್ತೇವೆಂದು ಹೇಳಿರಲಿಲ್ಲ. ಆಮೇಲೆ ಕ್ಷಮೆ ಕೇಳಿದೆ, ಅವಳೂ ಕ್ಷಮಿಸಿದಳು. ಆದರೆ ಆ ರಾತ್ರಿ ನನಗೆ ಕರೆ ಕೇಳಿಸಲಿಲ್ಲ ಅಂತ ನಾನು ಹೇಳಲಾರೆ.

ಗಿಬ್ಯೋನ್ ಅನ್ನುವ ಊರಿನಲ್ಲಿ ದೇವರು ಕನಸಿನಲ್ಲಿ ಬಂದು ಏನು ಬೇಕು ಅಂತ ಕೇಳಿದಾಗ ರಾಜ ಸೊಲೊಮೋನ ವಿವೇಕ ಬೇಡಿದ. ಇಬ್ರಿಯ ಭಾಷೆಯ ಮೂಲದಲ್ಲಿ ಆ ಮಾತಿಗೆ "ಕೇಳುವ ಹೃದಯ" ಅಂತ ಅರ್ಥವಂತೆ. ನನಗೆ ಇದು ತುಂಬಾ ಇಷ್ಟ. ಅಂಥವನೂ ಮುಪ್ಪಿನಲ್ಲಿ ಬೇರೆ ದೇವರುಗಳ ಕಡೆ ತಿರುಗಿದ. ಒಂದು ಸಲ ಬೇಡಿ ಪಡೆದು ಕಪಾಟಿನಲ್ಲಿ ಇಟ್ಟುಕೊಳ್ಳುವ ವಸ್ತು ಅಲ್ಲ ವಿವೇಕ. ದಿನಾ ಕೇಳಬೇಕು. ಜ್ಞಾನ ಕಡಿಮೆಯಾದವನು ದೇವರನ್ನು ಕೇಳಲಿ, ಆತನು ಹಂಗಿಸದೆ ಕೊಡುತ್ತಾನೆ ಅಂತ ಯಾಕೋಬ ತನ್ನ ಪತ್ರದಲ್ಲಿ ಬರೆದಿದ್ದಾನೆ. ಹಂಗಿಸದೆ! ನಿನಗೆ ಎಷ್ಟೇ ಭಯವಿದ್ದರೂ ಆತನ ಹತ್ತಿರ ಹೋಗಬಹುದು.

ಸೋಮವಾರ ಕೆಲಸದಲ್ಲಿ ಅವರ ಹತ್ತಿರ ಮಾತಾಡುವಾಗ ದನಿ ಮೆತ್ತಗಿರಲಿ. ಅಂಕಿ ಮಾತ್ರ ಇದ್ದಂತೆಯೇ ಇರಲಿ. ಕೆಲಸ ಹೋದರೆ ಮನೆಗೆ ಬಾ, ನಿನ್ನ ಕೋಣೆ ಹಾಗೇ ಇದೆ. ಒಳಗೆ ಹೋಗುವ ಮೊದಲು ಎಷ್ಟು ಗಂಟೆಗೆ ಅಂತ ಒಂದು ಮೆಸೇಜ್ ಹಾಕು. ಆ ಹೊತ್ತಿಗೆ ನಾನೂ ಅಪ್ಪನೂ ಮೊಣಕಾಲೂರಿರುತ್ತೇವೆ.

ನಿನ್ನ
ಅಮ್ಮ