ನಾಲ್ಕು ತಟ್ಟೆ

ಕತಗಾಲ
ಶನಿವಾರ ಬೆಳಗ್ಗೆ

ತಂಗೀ, ಮಗಳೇ,

ಶಿರಸಿ ಮುಟ್ಟಿದೆ ಅಂತ ನಿನ್ನ ಅಮ್ಮನಿಗೆ, ಆಯಿಗೆ, ಫೋನ್ ಮಾಡಿದೆಯಂತೆ, ಹತ್ತೂಕಾಲಿಗೆ. ನನಗೆ ಮಾಡಲಿಲ್ಲ. ಸರಿಯೇ ಬಿಡು. ಆದರೆ ಲೆಕ್ಕ ಹಾಕದೆ ಇರಲಾಗಲಿಲ್ಲ. ಇಲ್ಲಿಂದ ಬಿಟ್ಟಿದ್ದು ಒಂಬತ್ತಕ್ಕೆ. ಆ ಮಳೆ, ಆ ಕತ್ತಲು, ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿದ ನಿನ್ನ ಮಗ ಪುಟ್ಟ. ಒಂದೂಕಾಲು ತಾಸಿನಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರಿದೆ ಅಂದರೆ ಜೋರಾಗಿಯೇ ಓಡಿಸಿದ್ದೀಯ. ನಮ್ಮ ಬಸ್ಸಿನ ಡ್ರೈವರುಗಳು ಹಗಲಲ್ಲೂ ಆ ಧೈರ್ಯ ಮಾಡುತ್ತಿರಲಿಲ್ಲ. ಸಿಟ್ಟಿನಲ್ಲಿ ಸ್ಟೇರಿಂಗ್ ಹಿಡಿಯಬಾರದು. ಮಂಜು ಬಿದ್ದಾಗ ಫುಲ್ ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಡಿಮ್ಮೇ ಹಾಕಬೇಕು. ಬಿಡು, ಇದನ್ನು ಬರೆಯಲು ಕೂತಿದ್ದಲ್ಲ.

ನಿನ್ನ ಕಾರಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ಛತ್ರಿ ಹಿಡಿದು ರಸ್ತೆಯಲ್ಲೇ ನಿಂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಬಾಗಿಲು ಹಾಕುತ್ತಿದ್ದ ಅಂಗಡಿಯವನ ಹತ್ತಿರ, “ನಮ್ಮ ಮಗಳು, ಒಬ್ಬಳೇ ಘಟ್ಟ ಹತ್ತುತ್ತಾಳೆ, ಬೆಂಗಳೂರು ತನಕ” ಅಂತ ಹೇಳಿಯೇ ಒಳಗೆ ಬಂದೆ.

ಗುರುವಾರ ರಾತ್ರಿ ನಾನು ಪುಟ್ಟನಿಗೆ ದೆವ್ವದ ಸಿನಿಮಾ ತೋರಿಸಿದ್ದು, ನೀನು ನಡುವೆ ಟಿವಿ ಆಫ್ ಮಾಡಿದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ. ನೀನು ಬ್ಯಾಗು ಡಿಕ್ಕಿಗೆ ಹಾಕುತ್ತಾ ಅಂದೆಯಲ್ಲ, “ನನಗೆ ಮಾಡಿದ್ದು ಸಾಲಲಿಲ್ವಾ ಅಪ್ಪಾ? ಅದೇ ಸಿನಿಮಾ!” ಅಂತ. ಅದಕ್ಕೆ ಮಾತ್ರ ಉತ್ತರ ಕೊಡಬೇಕು.

ಅದೇ ಸಿನಿಮಾ, ಹೌದು. 1966ರ ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’. ಕ್ರಿಸ್ಟೋಫರ್ ಲೀ ಇಡೀ ಸಿನಿಮಾದಲ್ಲಿ ಒಂದು ಮಾತೂ ಆಡುವುದಿಲ್ಲ. ಬರೀ ಬುಸುಗುಡುತ್ತಾನೆ. ದೆವ್ವಕ್ಕೇ ಮಾತಿಲ್ಲ ಅಂದಮೇಲೆ ಭಾಷೆ ಬಾರದ ಮಕ್ಕಳಿಗೆ ಸಲೀಸು ಅಲ್ವಾ ಅಂತ ನನ್ನ ತರ್ಕ. 1993ರಲ್ಲಿ, ನಿನಗೆ ಎಂಟು ವರ್ಷ ಇದ್ದಾಗಲೂ ಇದೇ ತರ್ಕ. ಮೂವತ್ತು ವರ್ಷದಲ್ಲಿ ಈ ಮನುಷ್ಯನಿಗೆ ಎಳ್ಳಷ್ಟೂ ಬುದ್ಧಿ ಬಂದಿಲ್ಲ ಅಂತ ಆಯಿ ಹೇಳುವುದು ಸುಳ್ಳಲ್ಲ.

ಆದರೆ ತಂಗಿ, ಆ ರಾತ್ರಿ ನೀನು ದೆವ್ವವನ್ನು ನೋಡಿಯೇ ಇಲ್ಲ.

ಸ್ವಲ್ಪ ಯೋಚನೆ ಮಾಡು. ಅರ್ಧ ಸಿನಿಮಾ ಮುಗಿಯುವ ತನಕ ಅದರಲ್ಲಿ ಡ್ರಾಕುಲಾ ಎದ್ದೇ ಬರುವುದಿಲ್ಲ. ನಾವು ಅಲ್ಲಿಯ ತನಕ ಹೋಗಲೇ ಇಲ್ಲ. ನಾಲ್ಕು ಜನ ಪ್ರವಾಸಿಗಳು ಕೋಟೆಯೊಳಗೆ ಬರುತ್ತಾರೆ. ಯಾರೂ ಕರೆದಿಲ್ಲ, ಬರುತ್ತೇವೆ ಅಂತ ಹೇಳಿಯೂ ಇಲ್ಲ. ಒಳಗೆ ನೋಡಿದರೆ ಮೇಜಿನ ಮೇಲೆ ಊಟಕ್ಕೆ ನಾಲ್ಕು ತಟ್ಟೆ ಇಟ್ಟಾಗಿದೆ. ಅಷ್ಟೇ. ಒಂದು ಹನಿ ರಕ್ತ ಇಲ್ಲ. ನೀನು ನನ್ನ ಲುಂಗಿ ಎಳೆದು, “ಅಪ್ಪಾ, ಇವರು ಬರ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?” ಅಂತ ಕೇಳಿದೆ. ಆ ಸಿನಿಮಾದ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಉತ್ತರ ಹೇಳಲು ಬಾಯಿ ತೆಗೆದೆ, ಕರೆಂಟ್ ಹೋಯಿತು.

ಅದಾದ ಮೇಲೆ ಎಷ್ಟೋ ತಿಂಗಳು ನೀನು ಊಟಕ್ಕೆ ಕೂರುವ ಮೊದಲು ಹಾಕಿದ ಬಾಳೆ ಎಣಿಸುತ್ತಿದ್ದೆ. ಆಯಿ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ.

ಈ ಹುಚ್ಚು ನನಗೆ ಎಲ್ಲಿಂದ ಹತ್ತಿತು ಅಂತ ನೀನು ಯಾವತ್ತೂ ಕೇಳಿಲ್ಲ. ಆಟದಿಂದ. ನಮ್ಮ ಯಕ್ಷಗಾನದ ಆಟ. ನಡುರಾತ್ರಿ ರಾಕ್ಷಸ ಬರುವ ಹೊತ್ತಿಗೆ ಇಬ್ಬರು ತೆರೆ ಹಿಡಿಯುತ್ತಾರೆ. ಚಂಡೆ ಏರುತ್ತದೆ, ದೊಂದಿಗೆ ರಾಳದ ಪುಡಿ ಎರಚಿ ಭಗ್ ಅಂತ ಬೆಂಕಿ ಏಳಿಸುತ್ತಾರೆ, ತೆರೆಯ ಹಿಂದಿನಿಂದ ಆರ್ಭಟೆ ಕೇಳುತ್ತದೆ. ಮುಖ ಇನ್ನೂ ಕಂಡಿಲ್ಲ. ಆಗಲೇ ಮಕ್ಕಳೆಲ್ಲ ಅಜ್ಜಿಯ ಸೆರಗಿನೊಳಗೆ. ತೆರೆ ಇಳಿದ ಮೇಲೆ ಏನಿದೆ? ಪಕ್ಕದೂರಿನ ಭಾಗವತರ ಭಾವ ಬಣ್ಣ ಬಳಿದುಕೊಂಡು ನಿಂತಿರುತ್ತಾನೆ. ಭಯ ಎಲ್ಲ ತೆರೆಯಲ್ಲೇ ಇರುವುದು. ಆ ನಾಲ್ಕು ತಟ್ಟೆಯೂ ಅಂಥ ತೆರೆಯೇ.

ಆಮೇಲೆ ಟೆಂಟ್ ಸಿನಿಮಾದಲ್ಲಿ ರಾಜಕುಮಾರ್ ಗೂಢಚಾರನಾದ ಸಿ.ಐ.ಡಿ. 999. ದೊರೈ ಭಗವಾನ್ ಅವರದ್ದು. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’. ನಮ್ಮೂರಿಗೆ ಬರುವಾಗ ಎಷ್ಟೋ ವರ್ಷ ಹಳತಾಗಿತ್ತು, ರೀಲು ಮಧ್ಯೆ ಮಧ್ಯೆ ಹಾರುತ್ತಿತ್ತು. ಬೆಂಗಳೂರಿನವರಿಗೆ ಗೋವಾ ಅಂದರೆ ಫಾರಿನ್. ನಮಗೆ ಕಾರವಾರದಲ್ಲಿ ಕಾಳಿ ಹೊಳೆ ದಾಟಿ, ಮಾಜಾಳಿ ಮುಗಿದರೆ ಗೋವಾ. ಅಲ್ಲಿ ಅಷ್ಟೊಂದು ಖದೀಮರಿದ್ದಾರೆ ಅಂತ ರಾಜಕುಮಾರ್ ಬಂದು ಹೇಳಬೇಕಾಯಿತು! ಕಂಡಕ್ಟರ್ ಕೆಲಸಕ್ಕೆ ಸೇರಿದ ಮೇಲೂ ಈ ರೋಗ ಬಿಡಲಿಲ್ಲ. ಟಿಕೆಟ್ ಹರಿಯುತ್ತಾ ಯಾರ ಸೂಟ್‌ಕೇಸ್ ಜಾಸ್ತಿ ಭಾರ, ಯಾರು ಕಿಟಕಿ ಕಡೆ ಮುಖ ತಿರುಗಿಸಿದರು ಅಂತ ನೋಡುತ್ತಿದ್ದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಹಿಡಿದದ್ದು ಟಿಕೆಟ್ ಇಲ್ಲದ ಎರಡು ಕೋಳಿ. ಕೆಲವು ಸಲ ಸಿನಿಮಾ ಪೆಟ್ಟಿಗೆಯೇ ನಮ್ಮ ಬಸ್ಸಿನಲ್ಲಿ ಬರುತ್ತಿತ್ತು. ಆ ದಿನ ನಾನು ಆ ಪೆಟ್ಟಿಗೆಯ ಪಕ್ಕದ ಸೀಟು ಯಾರಿಗೂ ಕೊಡುತ್ತಿರಲಿಲ್ಲ.

ಆ ಗೋವಾ ಸಿನಿಮಾದಲ್ಲಿದ್ದ ಲಕ್ಷ್ಮಿಯೇ ಹನ್ನೊಂದು ವರ್ಷ ಬಿಟ್ಟು, 1979ರಲ್ಲಿ, ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತ್ ನಾಗ್ ಹೆಂಡತಿಯಾಗಿ ಬಂದು ಮೈಮೇಲೆ ದೆವ್ವ ಬರಿಸಿಕೊಂಡು ನಮ್ಮನ್ನೆಲ್ಲ ಹೆದರಿಸಿದಳು. ಅತ್ತ ಡ್ರಾಕುಲಾ ಆಗಿದ್ದ ಕ್ರಿಸ್ಟೋಫರ್ ಲೀ 1974ರಲ್ಲಿ ಜೇಮ್ಸ್ ಬಾಂಡ್ ಎದುರು ಖಳನಾಯಕ. ಬಾಂಡನ್ನು ಹುಟ್ಟಿಸಿದ ಇಯಾನ್ ಫ್ಲೆಮಿಂಗ್‌ಗೆ ಅವನು ಮಲಸಂಬಂಧದಲ್ಲಿ ದಾಯಾದಿ ಬೇರೆ. ಭೂತ, ಗೂಢಚಾರ ಎರಡೂ ಒಂದೇ ಮನೆಯವು ನೋಡು. ಕತ್ತಲಲ್ಲಿ ಯಾರೋ ಇದ್ದಾರೆ, ಯಾರು ಅಂತ ಗೊತ್ತಿಲ್ಲ. ಎರಡರಲ್ಲೂ ಇರುವುದು ಅಷ್ಟೇ.

ಹುಬ್ಬಳ್ಳಿಯಲ್ಲಿ ನೈಟ್ ಹಾಲ್ಟ್ ಇದ್ದಾಗ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ನೋಡಿಯೇ ಡ್ಯೂಟಿಗೆ ಹತ್ತುತ್ತಿದ್ದೆ. 1960ರ ‘ಸೈಕೋ’ ನೋಡಿದ್ದು ಹಾಗೆ. ಆ ಸ್ನಾನದ ಮನೆಯ ದೃಶ್ಯ ಮುಕ್ಕಾಲು ನಿಮಿಷ. ಅದನ್ನು ತೆಗೆಯಲು ಹಿಚ್‌ಕಾಕ್‌ಗೆ ಏಳು ದಿನ ಹಿಡಿಯಿತು. ರಕ್ತ ಅಂದರೆ ಚಾಕೊಲೇಟ್ ಪಾಕ, ಕಪ್ಪು ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ಚಾಕು ಇರಿಯುವ ಸದ್ದು ಕರಬೂಜದ ಹಣ್ಣಿಗೆ ಚುಚ್ಚಿದ್ದು. ಅಲ್ಲಿ ಸಂಗೀತವೇ ಬೇಡ ಅಂದಿದ್ದನಂತೆ ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲೇ ಮಾಡಿ ಕೇಳಿಸಿದ ಮೇಲೆ ಒಪ್ಪಿಕೊಂಡ. ಟಿವಿಯ ಧ್ವನಿ ತೆಗೆದು ನೋಡು, ಅರ್ಧ ಭಯ ಇಳಿದುಹೋಗುತ್ತದೆ. ಇದನ್ನೆಲ್ಲ ಕಾಲೇಜಿನಲ್ಲಿದ್ದಾಗ ನಿನಗೆ ಹೇಳಿದ್ದೆ. ಭಯವನ್ನು ಬಿಚ್ಚಿ ತೋರಿಸಿದರೆ ನಿನ್ನ ಭಯ ಹೋಗುತ್ತದೆ ಅಂದುಕೊಂಡಿದ್ದೆ. ನೀನು ಕೇಳಿ ಸುಮ್ನೆ ಎದ್ದುಹೋದೆ. ನಿನ್ನ ಭಯ ಸಿನಿಮಾದ್ದಲ್ಲ ಅಂತ ನನಗೆ ಆಗಲೂ ಗೊತ್ತಿತ್ತು.

ಈಗ ಹೇಳುತ್ತೇನೆ.

ಆಷಾಢದ ಮಳೆ. ಆಯಿ ಯಲ್ಲಾಪುರಕ್ಕೆ ತವರಿಗೆ ಹೋಗಿದ್ದಳು. ಕರೆಂಟ್ ಹೋದಾಗ ಫ್ಯೂಸ್ ಇರಬೇಕು ಅಂತ ಇದ್ದೊಂದು ಟಾರ್ಚ್ ಹಿಡಿದು ನಾನು ಜಗಲಿಗೆ ಬಂದೆ. ಫ್ಯೂಸ್ ಸರಿಯಾಗಿತ್ತು. ಹೋದದ್ದು ಊರಿನದೇ ಕರೆಂಟು. ತಿರುಗಿ ಒಳಗೆ ಬರಬೇಕು, ಅಷ್ಟರಲ್ಲಿ ನೀನು “ಅಪ್ಪಾ” ಅಂತ ಕರೆದೆ. ನನಗೆ ಕೆಟ್ಟ ಬುದ್ಧಿ ಬಂತು. ಟಾರ್ಚ್ ಆರಿಸಿದೆ. ಇನ್ನೆರಡು ಸಲ ಕರೆಯಲಿ, ಆಮೇಲೆ ಹೋ ಅಂತ ಹೆದರಿಸಿ ನಗೋಣ ಅಂತ ಕಂಬದ ಪಕ್ಕ ನಿಂತೆ. ಇಷ್ಟನ್ನು ನೀನೂ ಊಹೆ ಮಾಡಿರಬಹುದು.

ಮೂರನೇ ಸಲ ಕರೆದ ಮೇಲೆ ಬಚ್ಚಲಲ್ಲಿ ಢಣ್ ಅಂತ ಸದ್ದಾಯಿತು. ಹಂಡೆಯ ಮುಚ್ಚಳ. ಆಮೇಲೆ ಅದು ನೆಲದ ಮೇಲೆ ಗರಗರ ತಿರುಗಿ ನಿಂತಿತು.

ನನಗೆ ಕಾಲು ಎತ್ತಲು ಆಗಲಿಲ್ಲ ತಂಗಿ. ತಮಾಷೆ ಅಲ್ಲಿಗೇ ಮುಗಿದಿತ್ತು. ನಾನು ಹೆದರಿದ್ದೆ. ಮೂವತ್ತೈದು ವರ್ಷದ ಗಂಡಸು, ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿಯುವವನು, ಇಡೀ ಡಿಪೋಗೆ ದೆವ್ವದ ಕತೆ ಹೇಳಿ ನಗಿಸುವವನು. ಸದ್ದು ಬಂದದ್ದು ನೀನಿದ್ದ ಕಡೆಯಿಂದ. ಓಡಿ ಬರಬೇಕಾದವನು ನಾನು. ಬರಲಿಲ್ಲ. ನೀನು ಎಂಟು ಸಲ ಕರೆದೆ. ನಾಲ್ಕು, ಐದು ಜೋರಾಗಿದ್ದವು. ಆರನೆಯದು ಸಣ್ಣಗಾಯಿತು. ಏಳನೇ ಸಲ “ಅಪ್ಪಾ, ಇದ್ದೀಯಾ?” ಅಂದೆ. ಎಂಟನೆಯದು ಕರೆದ ಹಾಗಿರಲಿಲ್ಲ, ನಿನಗೆ ನೀನೇ ಹೇಳಿಕೊಂಡ ಹಾಗಿತ್ತು. ಒಂಬತ್ತನೇ ಸಲ ಕರೆಯುತ್ತೀ ಅಂತ ಕಾದೆ. ಕರೆಯಲಿಲ್ಲ.

ಆಗ ಬಂದೆ. ನೀನು ಕೂತಲ್ಲೇ ಕೂತಿದ್ದೆ, ಎರಡೂ ಕೈಯಲ್ಲಿ ಚಾಪೆಯ ಅಂಚು ಹಿಡಿದು. ಮುಖಕ್ಕೆ ಟಾರ್ಚ್ ಬಿಟ್ಟರೂ ಕಣ್ಣು ಮಿಟುಕಿಸಲಿಲ್ಲ. “ಫ್ಯೂಸ್ ನೋಡ್ತಿದ್ದೆ, ಕೇಳಿಸಲೇ ಇಲ್ಲ” ಅಂದೆ. ನೀನು ನಂಬಿದೆ. ಬಚ್ಚಲಲ್ಲಿದ್ದದ್ದು ಬೆಕ್ಕು. ಮರುದಿನ ಊರಿಗೆಲ್ಲ, “ನಮ್ಮ ಹುಡುಗಿ ಸಿನಿಮಾ ನೋಡಿ ಹೆದರಿಬಿಟ್ಟಳು” ಅಂತ ಹೇಳಿದ್ದೂ ನಾನೇ. ಹೆದರುಪುಕ್ಕಲಿ ಅನ್ನುವ ಹೆಸರು ನಿನಗೆ ಹತ್ತಿತು. ಅದು ನನ್ನ ಹೆಸರು.

ಏಳನೇ ಸಲ ಕರೆದದ್ದು ಈಗಲೂ ಕೇಳುತ್ತದೆ. ಗುರುವಾರ ಪುಟ್ಟ “ಅಮ್ಮಾ, ಇದ್ದೀಯಾ?” ಅಂದಾಗ ನನ್ನ ಕೈಯಿಂದ ರಿಮೋಟ್ ಬಿದ್ದದ್ದು ಅದಕ್ಕೇ. ನಾನು ಎಸೆದೆ ಅಂತ ನೀನು ಅಂದುಕೊಂಡೆ. ಎಸೆದದ್ದಲ್ಲ.

ಆದ್ದರಿಂದ ಸಿನಿಮಾವನ್ನು ಬೈಯಬೇಡ, ನನ್ನನ್ನು ಬೈ. ಮಗುವಿಗೆ ಭಯ ಆದರೆ “ಏನೂ ಇಲ್ಲ, ಏನೂ ಇಲ್ಲ” ಅಂತ ಬಾಯಿ ಮುಚ್ಚಿಸಬಾರದು. ಏನು ಕಂಡಿತು ಅಂತ ಕೇಳಬೇಕು. ಕರೆದರೆ ಮೊದಲು ಓ ಅನ್ನಬೇಕು, ಕೆಲಸ ಆಮೇಲೆ. ಲ್ಯಾಪ್‌ಟಾಪ್ ಮುಂದೆ ಕೂತಿದ್ದರೂ ಓ ಅನ್ನಬೇಕು. ರಾತ್ರಿ ಅವನ ಕೈಗೆ ಒಂದು ಟಾರ್ಚ್ ಕೊಟ್ಟಿರಬೇಕು, ಸೆಲ್ ತಿಂಗಳಿಗೊಮ್ಮೆ... ನೋಡು, ಯಾರು ಯಾರಿಗೆ ಹೇಳುತ್ತಿದ್ದಾರೆ! ಅವನು ಕರೆಯುವ ಮೊದಲೇ ನೀನು ಎದ್ದು ಓಡುವುದನ್ನು ನಾಲ್ಕು ದಿನ ನೋಡಿದ್ದೇನೆ.

ಆಯಿ ಅಪ್ಪೆಮಿಡಿ ಭರಣಿ ಕಾರಿಗೆ ಇಡಲು ಮರೆತಳು. ಶಿರಸಿಗೆ ಹೋಗುವವರ ಕೈಯಲ್ಲಿ ಕಳಿಸಿ ಅಲ್ಲಿಂದ ಬಸ್ಸಿಗೆ ಹಾಕಿಸುತ್ತೇನೆ. ಹಳೇ ಡಿಪೋ ಪರಿಚಯ ಇನ್ನೂ ನಡೆಯುತ್ತದೆ.

ಇನ್ನೊಂದು. ಪುಟ್ಟ ನಿನಗಿಂತ ಮುಂದಿನ ತನಕ ನೋಡಿದ್ದಾನೆ, ಡ್ರಾಕುಲಾ ಎದ್ದು ಬಂದಾಗಿದೆ. ನೀನು ಅಲ್ಲಿಗೆ ಟಿವಿ ಆಫ್ ಮಾಡಿದೆ. ಅವನ ತಲೆಯಲ್ಲಿ ಆ ದೆವ್ವ ಇನ್ನೂ ಓಡಾಡಿಕೊಂಡೇ ಇದೆ. ಕೊನೆ ಏನು ಅಂತ ಅವನಿಗೆ ಹೇಳು, ನಿನಗೂ ಗೊತ್ತಿಲ್ಲವಲ್ಲ. ಡ್ರಾಕುಲಾ ಹರಿಯುವ ನೀರಿಗೆ ಹೆದರುತ್ತಾನೆ. ಕೋಟೆಯ ಕಂದಕದಲ್ಲಿ ನೀರು ಹೆಪ್ಪುಗಟ್ಟಿ ಮಂಜುಗಡ್ಡೆ ಆಗಿರುತ್ತದೆ. ಅದರ ಮೇಲೆ ಅವನು ನಿಂತಾಗ ಪಾದ್ರಿ ಬಂದೂಕಿನಿಂದ ಸುತ್ತಲಿನ ಮಂಜು ಒಡೆಯುತ್ತಾನೆ. ಗಡ್ಡೆ ವಾಲಿ ಅವನು ಕೆಳಗಿನ ನೀರಿಗೆ ಹೋಗುತ್ತಾನೆ. ಆಟ ಮುಗಿಯಿತು. ಅಜ್ಜನ ಮನೆ ಹಿಂದೆ ಹಳ್ಳ, ಎದುರು ಅಘನಾಶಿನಿ, ಮೇಲಿಂದ ನಾಲ್ಕು ತಿಂಗಳು ಮಳೆ. ಡ್ರಾಕುಲಾ ಕತಗಾಲಕ್ಕೆ ಬಂದರೆ ಬಸ್ಸಿನಿಂದ ಇಳಿಯಲೂ ಜಾಗ ಇಲ್ಲ ಅಂತ ಹೇಳು. ಟಿಕೆಟ್ ಕೊಡುವವನು ಅಜ್ಜನೇ ಆಗಿದ್ದ ಅಂತಲೂ ಹೇಳು.

ನಿನ್ನ
ಅಪ್ಪ