ಹೆಡ್‌ಫೋನ್ ಡಬ್ಬಿಗೂ ಒಂದು ಹಸಿರು ಚುಕ್ಕೆ ಬೇಡವೇ?

ಮಾನ್ಯರೇ,

ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಹೊರಗಿನ ಸದ್ದು ಅಡಗಿಸುವ ಹೆಡ್‌ಫೋನ್ ಕೊಳ್ಳಹೋದ ನನಗೆ, ಅದರ ಕಿವಿಮೆತ್ತೆ ಯಾವುದರದ್ದು ಎಂದು ತಿಳಿಯಲು ಡಬ್ಬಿಯ ನಾಲ್ಕೂ ಮಗ್ಗುಲು ತಿರುಗಿಸಿದರೂ ಒಂದು ಸಾಲು ಸಿಗಲಿಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರ ಮೇಲಿನ ಮನೆಯಲ್ಲಿ ಕುಳಿತು ಧ್ವನಿಮುದ್ರಣ ಕೇಳಿ ಬೆರಳಚ್ಚು ಮಾಡುವವಳು ನಾನು. ಚರ್ಮದ ಚಪ್ಪಲಿಯನ್ನೇ ಬಿಟ್ಟವಳು ಕಿವಿಗೆ ಕುರಿಚರ್ಮ ಒತ್ತಿಕೊಳ್ಳಲಾರೆ. ಅಂಗಡಿಯವರನ್ನು ಕೇಳಿದರೆ, "ಲೆದರ್ ಅಮ್ಮಾ, ಒಳ್ಳೆಯ ಮಾಲು" ಎಂದರು. ಯಾವ ಲೆದರ್ ಎಂದರೆ ಉತ್ತರವಿಲ್ಲ. ಇಂಥ ಮೆತ್ತೆಗಳಿಗೆ ಹೇಳುವ 'ಪ್ರೋಟೀನ್ ಲೆದರ್' ಎಂಬುದು ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಆದರೆ ಕೆಲವದರಲ್ಲಿ ಪ್ರಾಣಿಜನ್ಯ ಪ್ರೋಟೀನಿನ ಪುಡಿ ಬೆರೆಸಿರುತ್ತಾರೆ. ಹೆಸರು ನೋಡಿ ಹೇಳುವಂತಿಲ್ಲ.

ತಂತಿಯದು ಇನ್ನೊಂದು ಗೋಜಲು. ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದಕ್ಕೆ ವಿರುದ್ಧವಾದ ಅಲೆ ಹುಟ್ಟಿಸಿ ಅಳಿಸಲು ವಿದ್ಯುತ್ ಬೇಕೇ ಬೇಕು. ಧ್ವನಿಯನ್ನಷ್ಟೇ ತರುವ 3.5 ಮಿ.ಮೀ. ತಂತಿ ಸಿಕ್ಕಿಸಿದ ಮಾತ್ರಕ್ಕೆ ಆಗದು. ನಾನು ಕೊಂಡದ್ದರಲ್ಲಿ ಬ್ಯಾಟರಿ ಮುಗಿದರೆ ಧ್ವನಿ ಬರುತ್ತದೆ, ನಿಶ್ಶಬ್ದ ಬರುವುದಿಲ್ಲ! ಬ್ಯಾಟರಿ ಇದ್ದಾಗ ಕೆಳಗಿನ ಯಂತ್ರಗಳ ಒಂದೇ ಸಮನೆಯ ಗುಂಯ್‌ಗುಡುವಿಕೆ ಅಡಗಿತು. ಆಟೋ ಹಾರನ್ ಮಾತ್ರ ಜಗ್ಗಲಿಲ್ಲ.

ಕೊನೆಗೆ ಮೆತ್ತೆ ತೆಗೆಸಿ ಪಾಲಿಯೆಸ್ಟರ್ ವೆಲೂರ್ ಎಂಬ ಮಖಮಲ್ಲಿನಂಥ ಬಟ್ಟೆಯದು ಹಾಕಿಸಿಕೊಂಡೆ. ಹೊರಗಿನ ಸದ್ದು ತುಸು ಹೆಚ್ಚು ನುಸುಳುತ್ತದೆ, ನಿಜ. ಆದರೆ ನಮ್ಮೂರಿನ ಮೇ ತಿಂಗಳ ಸೆಕೆಯಲ್ಲಿ ಕಿವಿ ಬೇಯುವುದಿಲ್ಲ.

ತಯಾರಕರು ಮೆತ್ತೆ, ತಲೆಪಟ್ಟಿ ಎರಡರ ವಸ್ತುವನ್ನೂ, ತಂತಿಯಲ್ಲಿ ಶಬ್ದ ತಡೆ ನಡೆಯುತ್ತದೆಯೇ ಎಂಬುದನ್ನೂ ಡಬ್ಬಿಯ ಮೇಲೆ ಕನ್ನಡದಲ್ಲಿ ಮುದ್ರಿಸಲಿ.

– ಓದುಗಳು, ಕೌಲ್ ಬಜಾರ್, ಬಳ್ಳಾರಿ